ಹಣೆಯ ಮೂಳೆ ಮುರಿದಾಗ



ಕಿವಿ-ಮೂಗು-ಗಂಟಲು, ನರಶಸ್ತ್ರಚಿಕಿತ್ಸೆ, ಮುಖ-ದವಡೆ ಶಸ್ತ್ರಚಿಕಿತ್ಸೆ, ಈ ಮೂರೂ ವಿಭಾಗದವರು ಒಂದೇ ಸಭೆಯಲ್ಲಿ ಕೂತಿರುವುದು ನನಗೆ ಬಹಳ ಸಂತೋಷ ತಂದಿದೆ. ಹಣೆಯ ಮೂಳೆಯೊಳಗಿನ ಗಾಳಿಗೂಡಾದ ಫ್ರಾಂಟಲ್ ಸೈನಸ್‌ನ ಮುಂಗೋಡೆ ಮುಖಕ್ಕೆ ಸೇರಿದ್ದು, ಹಿಂಗೋಡೆಯ ಆಚೆಗೇ ಮಿದುಳು, ಅದರ ದಾರಿ ಇಳಿಯುವುದು ಮೂಗಿಗೆ. ಇಲ್ಲಿ ಪೆಟ್ಟು ತಿಂದ ರೋಗಿಯನ್ನು ಯಾವ ವಿಭಾಗವೂ ಒಂಟಿಯಾಗಿ ನೋಡಿಕೊಳ್ಳಲಾಗದು.

ಮುಖದ ಮೂಳೆಗಳಲ್ಲೆಲ್ಲ ಈ ಮುಂಗೋಡೆ ಅತಿ ಗಟ್ಟಿ. ಅದೇ ಒಡೆದಿದೆ ಎಂದರೆ ಪೆಟ್ಟಿನ ರಭಸ ಊಹಿಸಿಕೊಳ್ಳಿ. ಮಿದುಳು, ಕಣ್ಣು, ಕತ್ತಿನ ಮೂಳೆ ನೋಡುವ ಮೊದಲು ಹಣೆಯ ಮಾತೆತ್ತಬಾರದು. ನಮ್ಮಲ್ಲಿ ಹೀಗೆ ಬರುವವರಲ್ಲಿ ಹೆಚ್ಚಿನವರು ಬೈಕ್‌ನಿಂದ ಬಿದ್ದ ಹುಡುಗರು. ಹೆಲ್ಮೆಟ್‌ನ ಪಟ್ಟಿ ಬಿಗಿದುಕೊಂಡಿದ್ದರೆ ಇವರಲ್ಲಿ ಎಷ್ಟೋ ಮಂದಿಯನ್ನು ನಾವು ನೋಡಬೇಕಾಗಿಯೇ ಇರಲಿಲ್ಲ.

ನಮ್ಮ ಗುರುಗಳ ತಲೆಮಾರು ಇಂಥ ಮುರಿತ ಕಂಡೊಡನೆ ಶಸ್ತ್ರಕ್ರಿಯೆಗೆ ಸಿದ್ಧವಾಗುತ್ತಿತ್ತು. ಅದಕ್ಕೆ ಕಾರಣವಿತ್ತು. ತೂಬು ಮುಚ್ಚಿದ ಕೆರೆಯಂತೆ, ದಾರಿ ಕಟ್ಟಿದ ಸೈನಸ್‌ನಲ್ಲಿ ಲೋಳೆ ತುಂಬುತ್ತದೆ. ಅದು ಮ್ಯೂಕೋಸೀಲ್ ಎಂಬ ಲೋಳೆಚೀಲವಾಗಿ ಬೆಳೆದು ಮೂಳೆಯನ್ನು ಸವೆಸುತ್ತ ಕಣ್ಣಿನ ಗೂಡಿಗೋ ಮಿದುಳಿನ ಕಡೆಗೋ ನುಗ್ಗುತ್ತದೆ. ಅದೂ ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಕೂತು. ಹಾಗಾಗಿ 1950ರ ದಶಕದಿಂದ ಗುಡೇಲ್ ಮತ್ತು ಮಾಂಟ್‌ಗೊಮರಿ ತೋರಿದ ಹಾದಿಯಲ್ಲಿ ಸೈನಸ್‌ಗೆ ಕೊಬ್ಬು ತುಂಬುವುದು ರೂಢಿಯಾಯಿತು. 1978ರಲ್ಲಿ ಡೊನಾಲ್ಡ್ ಮತ್ತು ಬರ್ನ್‌ಸ್ಟೀನ್, ಹಿಂಗೋಡೆಯನ್ನೇ ತೆಗೆದು ಮಿದುಳಿಗೆ ಜಾಗ ಬಿಡುವ ಕ್ರೇನಿಯಲೈಸೇಶನ್ ವಿವರಿಸಿದರು. ಎರಡೂ ವಿಧಾನಗಳಲ್ಲಿ, ಮೂಳೆಯ ಸಣ್ಣ ಕುಳಿಗಳೊಳಗೂ ಲೋಳೆಪೊರೆ ಇಳಿದಿರುವುದರಿಂದ ಅದನ್ನು ಡ್ರಿಲ್‌ನಿಂದ ಪೂರ್ತಿ ಕೆರೆಯಬೇಕು. ಒಂದಿಷ್ಟು ಉಳಿದರೂ, ಯಾವುದಕ್ಕೆ ಹೆದರಿ ಶಸ್ತ್ರಕ್ರಿಯೆ ಮಾಡಿದೆವೋ ಅದೇ ಮರಳಿ ಬರುತ್ತದೆ.

ಆಮೇಲೆ ಎರಡು ಸಾಧನಗಳು ಬಂದವು. ತೆಳು ಪದರಗಳ ಸಿ.ಟಿ. ಮುರಿತವನ್ನು ಮೂರೂ ದಿಕ್ಕಿನಿಂದ ತೋರಿಸಿತು. ಎಂಡೊಸ್ಕೋಪ್ ಮೂಗಿನೊಳಗಿಂದಲೇ ಸೈನಸ್ ತಲುಪಿತು. 1991ರಲ್ಲಿ ಜರ್ಮನಿಯ ಡ್ರಾಫ್ ಆ ದಾರಿಯನ್ನು ಹಂತ ಹಂತವಾಗಿ ಹಿಗ್ಗಿಸುವ ವಿಧಾನ ಕೊಟ್ಟರು. ಊತ ಇಳಿದ ಮೇಲೆ ಎಷ್ಟೋ ಸೈನಸ್‌ಗಳು ತಾವಾಗಿಯೇ ಗಾಳಿಯಾಡತೊಡಗುವುದನ್ನು ನಾವು ಕಂಡೆವು. ಆಡದಿದ್ದರೆ ಮುಂದೆ ಮೂಗಿನಿಂದ ತೆರೆಯಬಹುದು. ಕಾಯುವ ಧೈರ್ಯ ಬಂದದ್ದು ಇಲ್ಲಿಂದ.

ಮುಂಗೋಡೆ ತುಸು ತಗ್ಗಿದ ಮಾತ್ರಕ್ಕೆ ಕಿವಿಯಿಂದ ಕಿವಿಗೆ ನೆತ್ತಿ ಸೀಳುವುದನ್ನು ನಾನು ಒಪ್ಪುವುದಿಲ್ಲ. ಹಣೆ ಜೋಮು ಹಿಡಿಯಬಹುದು, ಹುಬ್ಬು ಏಳದಂತಾಗಬಹುದು, ಕೂದಲು ಉದುರಿದ ಮೇಲೆ ಗಾಯದ ಗೆರೆ ಎದ್ದು ಕಾಣಬಹುದು. ಕೆಲವು ತಿಂಗಳು ಬಿಟ್ಟು, ತಗ್ಗು ರೋಗಿಗೇ ಬೇಸರ ತಂದರೆ, ಆಗ ತುಂಬಿ ಸರಿಪಡಿಸಬಹುದು. ಮಿದುಳು ದ್ರವ ಸೋರುತ್ತಿದ್ದರೂ ತಲೆಯೆತ್ತರಿಸಿ ಮಲಗಿಸಿ, ಮೂಗು ಸೀದದಂತೆ ನೋಡಿಕೊಂಡರೆ ಹಲವರಲ್ಲಿ ವಾರದೊಳಗೆ ನಿಲ್ಲುತ್ತದೆ. ಹಿಂಗೋಡೆ ಅದರ ದಪ್ಪಕ್ಕಿಂತ ಹೆಚ್ಚು ಸರಿದಿದ್ದರೆ ತೆರೆಯಲೇಬೇಕೆಂಬ ಹಳೆಯ ನಿಯಮ ಇಂದು ಮರುವಿಚಾರಣೆಗೆ ಬರಲಿ. ಆದರೆ ಹಿಂಗೋಡೆ ಚೂರುಚೂರಾಗಿ, ಮಿದುಳಿನ ಹೊದಿಕೆಯಾದ ಡ್ಯೂರಾ ಹರಿದು, ಮಿದುಳು ಕಾಣುತ್ತಿದ್ದರೆ ಕಾಯುವ ಮಾತೇ ಇಲ್ಲ.

ನನ್ನ ನಿಜವಾದ ಆತಂಕ ಬೇರೆ. ಕಾದು ನೋಡುವ ಚಿಕಿತ್ಸೆ, ರೋಗಿ ಮರಳಿ ಬರುತ್ತಾನೆಂಬ ನಂಬಿಕೆಯ ಮೇಲೆ ನಿಂತಿದೆ. ಕೊಪ್ಪಳದಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನು ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ಊರು ಸೇರುತ್ತಾನೆ. ನೋವಿಲ್ಲದವನು ಒಂದು ಸ್ಕ್ಯಾನ್‌ಗಾಗಿ ದಿನದ ಕೂಲಿ ಬಿಟ್ಟು ಏಕೆ ಬರಬೇಕು? ಅವನ ಕೈಲಿರುವ ಡಿಸ್ಚಾರ್ಜ್ ಹಾಳೆ ಇಂಗ್ಲಿಷಿನಲ್ಲಿದೆ. ಐದು ವರ್ಷದ ಮೇಲೆ ಕಣ್ಣಿನ ಮೇಲ್ಭಾಗ ಊದಿಕೊಂಡರೆ, ಅದಕ್ಕೂ ಆ ಹಳೆಯ ಪೆಟ್ಟಿಗೂ ನಂಟಿದೆಯೆಂದು ಅವನಿಗೆ ಹೇಳಿದವರು ಯಾರು?

ಹಾಗಾಗಿ ಈ ಸಂಕಿರಣದ ಮುಂದೆ ನನ್ನದೊಂದು ಬೇಡಿಕೆ. ಬಗ್ಗಿದಾಗ ಮೂಗಿನಿಂದ ತಿಳಿನೀರು ಸೋರುವುದು, ಕಣ್ಣು ಕೆಳಕ್ಕೆ ಜರುಗುವುದು, ಎರಡೆರಡು ಕಾಣುವುದು, ಜ್ವರದ ಜೊತೆ ತಲೆನೋವು, ಇವನ್ನೆಲ್ಲ ತಿಳಿಗನ್ನಡದಲ್ಲಿ ಬರೆದ ಒಂದು ಪುಟ ಪ್ರತಿ ರೋಗಿಗೂ ಸಿಗಲಿ. ಅವನ ಸಿ.ಟಿ. ಆರು ವಾರಕ್ಕೆ, ಆರು ತಿಂಗಳಿಗೆ, ವರ್ಷಕ್ಕೆ ಅವನದೇ ಜಿಲ್ಲಾಸ್ಪತ್ರೆಯಲ್ಲಿ ಆಗಿ, ಚಿತ್ರಗಳು ನಮಗೆ ತಲುಪಲಿ. ಮಧ್ಯಾಹ್ನದ ಗೋಷ್ಠಿ ಮುಗಿಯುವ ಮುನ್ನ ಮೂರೂ ವಿಭಾಗದವರು ಕೂತು ಆ ಪುಟದ ಕರಡು ಬರೆಯಿರಿ. ನಾನೂ ನಿಮ್ಮೊಡನೆ ಕೂರುತ್ತೇನೆ.