ಕಾಳಗ ಮುಗಿದ ಮೇಲಿನ ಮನೆ



ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಹುಟ್ಟಿದ ಈ ಕಿಕ್ಕೇರಿಗೆ ಬಂದು ಯುದ್ಧದ ಮಾತು ತೆಗೆಯುವುದು ಮದುವೆಮನೆಯಲ್ಲಿ ಸೂತಕದ ಸುದ್ದಿ ಎತ್ತಿದ ಹಾಗೆ ಎಂದು ನಿಮಗೆ ಅನ್ನಿಸಬಹುದು. ಆದರೆ ಈ ವಿಷಯ ಆರಿಸಿಕೊಂಡದ್ದೇ ಅವರಿಂದಾಗಿ. ಅಲ್ಲಿಗೆ ಕಡೆಯಲ್ಲಿ ಬರುತ್ತೇನೆ. ಮೊದಲು ಶ್ರೀರಂಗಪಟ್ಟಣಕ್ಕೆ ಹೋಗೋಣ.

ಅಲ್ಲಿನ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯನ್ನು ನಿಮ್ಮಲ್ಲಿ ಬಹಳ ಮಂದಿ ಶಾಲೆಯ ಪ್ರವಾಸದಲ್ಲಿ ನೋಡಿದ್ದೀರಿ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಯ್ಲಿಯ ದಂಡನ್ನು ಮುರಿದ ಕಾಳಗ ಅಲ್ಲಿದೆ. 1784ರಲ್ಲಿ ಅರಮನೆ ಕಟ್ಟಿಸಿದಾಗ ಟಿಪ್ಪು ಬರೆಸಿದ್ದು. ನಡುವೆ ಪಲ್ಲಕ್ಕಿಯಲ್ಲಿ ಬೇಯ್ಲಿ, ಅಲ್ಲೇ ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತ ಕುದುರೆ, ಕತ್ತಿ, ಕಡಿದು ಉರುಳಿದ ತಲೆ. ಚಿತ್ರಗಾರ ಕೆಂಪು ಬಣ್ಣಕ್ಕೆ ಜಿಪುಣತನ ಮಾಡಿಲ್ಲ. ಆದರೂ ಅದರ ಮುಂದೆ ನಿಂತವರಿಗೆ ಬೆರಗಾಗುತ್ತದೆಯೇ ಹೊರತು ದುಃಖವಾಗುವುದಿಲ್ಲ. ಸಾಲುಸಾಲು ಸೈನಿಕರ ಮುಖ ಒಂದೇ ಅಚ್ಚಿನಲ್ಲಿ ಎರೆದ ಹಾಗಿದೆ. ಇವನು ಯಾರ ಮಗ, ಇವನ ಊರು ಯಾವುದು ಎಂದು ಕೇಳುವ ಹಾಗಿಲ್ಲ. ಬೇಯ್ಲಿಯ ಸುಮಾರು 3,800 ಮಂದಿಯಲ್ಲಿ ಬಹುಪಾಲು ಕಂಪನಿಯ ಸಂಬಳಕ್ಕೆ ಸೇರಿದ ಈ ನಾಡಿನ ಸಿಪಾಯಿಗಳೇ.

ಇನ್ನೊಂದು ಸಂಗತಿ ನೋಡಿ. ಪಟ್ಟಣ ಇಂಗ್ಲಿಷರ ಕೈಗೆ ಬಿದ್ದ ಮೇಲೆ ಆ ಅರಮನೆಯಲ್ಲಿ ವಾಸಕ್ಕಿದ್ದ ಅವರ ಸೇನಾಧಿಕಾರಿ ವೆಲ್ಲೆಸ್ಲಿ ಆ ಚಿತ್ರವನ್ನು ಸರಿಪಡಿಸಿದ. ಅದು ಮತ್ತೆ ಮಾಸಿದಾಗ ಗವರ್ನರ್ ಜನರಲ್ ಡಾಲ್‌ಹೌಸಿ ಪುನಃ ಬರೆಸಿದ. ತಮ್ಮವರೇ ಸೋತ ಕಾಳಗವನ್ನು ಇಂಗ್ಲಿಷರು ದುಡ್ಡು ಕೊಟ್ಟು ಉಳಿಸಿಕೊಂಡರು. ಎಷ್ಟು ನೆತ್ತರು ತೋರಿಸಿದರೂ ಅಂಥ ಚಿತ್ರದಿಂದ ಆಳುವವರ ನಿದ್ದೆ ಕೆಡುವುದಿಲ್ಲ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಅದೇ ಪಟ್ಟಣ 1799ರ ಮೇ 4ರಂದು ಬಿತ್ತು. ಮರುವರ್ಷವೇ ಲಂಡನ್ನಿನಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ಹುಡುಗ, ಇನ್ನೂ ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಸುಮಾರು 120 ಅಡಿ ಉದ್ದದ ಚಿತ್ರದಲ್ಲಿ ಆ ಲಗ್ಗೆಯನ್ನು ಬರೆದು ಜನಕ್ಕೆ ತೋರಿಸಿದ. ಕಾವೇರಿಯನ್ನು ಅವನು ಕಂಡವನಲ್ಲ. ಜನ ಟಿಕೀಟು ಕೊಂಡು ಮುಗಿಬಿದ್ದರು.

ಅದೇ 1800ರಲ್ಲಿ ಇನ್ನೊಬ್ಬ ಇಂಗ್ಲಿಷರ ನೌಕರ ಪಟ್ಟಣಕ್ಕೆ ಬಂದ. ಫ್ರಾನ್ಸಿಸ್ ಬುಕನನ್, ಕಸುಬಿನಲ್ಲಿ ವೈದ್ಯ. ಅವನು ಕೊಟ್ಟ ಲೆಕ್ಕ ಹೀಗಿದೆ: ಕೋಟೆಯೊಳಗೆ 4,163 ಮನೆ, ಹೊರಪೇಟೆಯಲ್ಲಿ 2,216 ಮನೆ. ಮನೆಗೆ ಐವರಂತೆ 31,895 ಜನ. ಟಿಪ್ಪುವಿನ ಕಾಲಕ್ಕೆ ಅಲ್ಲಿ ಒಂದೂವರೆ ಲಕ್ಷ ಜನ ಇದ್ದಿರಬೇಕೆಂದು ಅವನ ಅಂದಾಜು. ಅಂದಾಜಿನಲ್ಲಿ ಹೆಚ್ಚುಕಡಿಮೆ ಇರಲಿ. ಉಳಿದವರೆಲ್ಲ ಸತ್ತರು ಎಂದೂ ಅಲ್ಲ. ದರ್ಬಾರು ಹೋಯಿತು, ದಂಡು ಚದುರಿತು, ಅವನ್ನು ನಂಬಿದ್ದ ಕಸುಬಿನವರು ಊರು ಬಿಟ್ಟರು. ಪೋರ್ಟರನ 120 ಅಡಿ ಬಟ್ಟೆ ಹೇಳದ್ದನ್ನು ಈ ಎರಡು ಸಾಲಿನ ಲೆಕ್ಕ ಹೇಳುತ್ತದೆ, ಏಕೆಂದರೆ ಅದು ಎಣಿಸಿದ್ದು ಮನೆಗಳನ್ನು.

ನಾನು ಹೇಳಬೇಕೆಂದಿರುವುದೂ ಇಷ್ಟೇ. ರಣರಂಗವನ್ನು ಎಷ್ಟು ವಿವರವಾಗಿ ಬರೆದರೂ ಯುದ್ಧದ ಬೆಲೆ ಕಾಣಿಸುವುದಿಲ್ಲ. ಬರೆಯುವವನು ತಿರುಗಿ ಮನೆಯ ಕಡೆ ನೋಡಿದಾಗಲೇ ಅದು ಕಾಣುವುದು. ಕಾಳಗದ ಚಿತ್ರ ಏನನ್ನು ಬಿಡುತ್ತದೆ ಎಂಬುದಕ್ಕೆ ಹತ್ತಿರದ ಒಂದು ಉದಾಹರಣೆ: ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಹತ್ತಿರ 1771ರಲ್ಲಿ ಮರಾಠರು ಹೈದರನನ್ನು ಸೋಲಿಸಿದರು, ಮೇಲುಕೋಟೆಯನ್ನು ಸೂರೆಮಾಡಿದರು. ಕಬ್ಬಿಣದ ಆಸೆಗೆ ಮರದ ತೇರುಗಳಿಗೆ ಬೆಂಕಿಯಿಟ್ಟರು ಎಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಬರೆದಿದೆ. ದರಿಯಾ ದೌಲತ್‌ನ ಗೋಡೆಯ ಮೇಲೆ ಇದಕ್ಕೆ ಜಾಗವಿಲ್ಲ. ಅದು ಸೋತ ಕಾಳಗ.

ಈಗ ನಮ್ಮ ವೀರಗಲ್ಲುಗಳ ಮಾತು. ಈ ಸೀಮೆಯಲ್ಲಿ ಕೆರೆಯ ಏರಿ, ಗುಡಿಯ ಬಯಲು, ಹೊಲದ ಬದು ಎಲ್ಲಿ ನೋಡಿದರೂ ಇವೆ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಹೋರಾಟ, ಬಹುಪಾಲು ತುರುಗಳನ್ನು ಹಿಂದಕ್ಕೆ ತರಲು, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಸನ್ನಿಧಿಯಲ್ಲಿ ಅವನು ಕೂತಿರುವುದು. ಮೇಲಿನ ಎರಡು ಪಟ್ಟಿಕೆ ಉಳಿದವರ ಸಮಾಧಾನಕ್ಕೆ. ಹತ್ತಿರದಲ್ಲೇ ಕೆಲವು ಕಡೆ ಬಳೆ ತೊಟ್ಟ ಒಂಟಿ ತೋಳಿನ ಮಹಾಸತಿ ಕಲ್ಲೂ ಇರುತ್ತದೆ. ಅಲ್ಲಿ ಹೆಂಗಸಿನ ಪಾಲಿಗೆ ಉಳಿದದ್ದು ತೋಳು ಮಾತ್ರ. ಆದರೆ ಕಲ್ಲಿನ ಬರಹವನ್ನು ಪೂರ್ತಿ ಓದಬೇಕು. ಎಷ್ಟೋ ಶಾಸನಗಳು ಸತ್ತವನ ಮನೆಯವರಿಗೆ ಬಿಟ್ಟ ಗದ್ದೆ ಬೆದ್ದಲಿನ ಲೆಕ್ಕ ಕೊಡುತ್ತವೆ. ನೆತ್ತರುಗೊಡಗೆ ಎಂದು ಅದಕ್ಕೆ ಹೆಸರು. ಸ್ವರ್ಗದ ಪಟ್ಟಿಕೆ ಕೆತ್ತಿದ ಊರೇ, ಮಕ್ಕಳಿಗೆ ಅನ್ನ ಬೇಕು ಎಂಬುದನ್ನೂ ಕಲ್ಲಿನಲ್ಲೇ ಬರೆಸಿತ್ತು.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಂತೂ ವಿಚಿತ್ರ. 949–50ರ ಹೊತ್ತಿನದು, ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ತಕ್ಕೋಲದಲ್ಲಿ ಚೋಳ ರಾಜಾದಿತ್ಯ ಸತ್ತ ಮಹಾಯುದ್ಧದ ಸುದ್ದಿ ಅದರಲ್ಲಿದೆ. ಆದರೆ ಕೆತ್ತಿರುವ ಚಿತ್ರ ಕಾಳಿ ಎಂಬ ನಾಯಿಯದು. ಗಂಗ ದೊರೆ ಬೂತುಗನಿಂದ ಅವನ ಬಂಟ ಮಣಲೆರ ಬೇಡಿ ಪಡೆದ ನಾಯಿ, ಹಂದಿಯೊಡನೆ ಹೋರಾಡಿ ಸತ್ತಿತು. ಅದರ ಕಲ್ಲಿನ ಪೂಜೆಗೂ ಭೂಮಿ ಬಿಟ್ಟರು. ನಾಯಿಗೆ ಸಂದ ಗೌರವಕ್ಕೆ ನನ್ನ ತಕರಾರಿಲ್ಲ. ತಕ್ಕೋಲದಲ್ಲಿ ಸತ್ತ ಕಾಲಾಳುಗಳ ಹೆಸರನ್ನು ಮಾತ್ರ ಆ ಕಲ್ಲಿನಲ್ಲಿ ಹುಡುಕಬೇಡಿ.

2019ರ ಫೆಬ್ರವರಿ 14ರಂದು ಪುಲ್ವಾಮದಲ್ಲಿ ಸತ್ತ ನಲವತ್ತು ಜವಾನರಲ್ಲಿ ಒಬ್ಬರು ಅದೇ ಮದ್ದೂರು ತಾಲ್ಲೂಕಿನವರು. ಆ ದಿನಗಳ ಟೀವಿ, ಮೊಬೈಲು, ಬೀದಿಯ ಫ್ಲೆಕ್ಸು ನೆನಪಿಸಿಕೊಳ್ಳಿ. ಬಾವುಟ, ಜೈಕಾರ, ಹೂವು: ಎಲ್ಲ ಮೇಲಿನ ಎರಡು ಪಟ್ಟಿಕೆಯವೇ. ಕೆಳಗಿನದನ್ನು ತೋರಿಸುವ ಹೊತ್ತಿಗೆ ಕ್ಯಾಮರಾ ಊರು ಬಿಟ್ಟಿರುತ್ತದೆ.

ಕಾವ್ಯಕ್ಕೆ ಬರುತ್ತೇನೆ. ರನ್ನ ಗದಾಯುದ್ಧ ಬರೆದದ್ದು ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳಲು. ಆದರೆ ಓದಿದವರ ಮನಸ್ಸಿನಲ್ಲಿ ನಿಲ್ಲುವವನು ಹೆಣಗಳ ನಡುವೆ ಸಂಜಯನ ಜೊತೆ ನಡೆಯುವ ದುರ್ಯೋಧನ. ದ್ರೋಣ, ದುಶ್ಶಾಸನ, ಕರ್ಣ, ಮಗ ಲಕ್ಷಣಕುಮಾರ, ಹಗೆಯ ಮಗ ಅಭಿಮನ್ಯು ಕೂಡ, ಒಬ್ಬೊಬ್ಬರ ಮುಂದೆಯೂ ಅವನು ನಿಲ್ಲುತ್ತಾನೆ. ಆ ನಡಿಗೆಯಲ್ಲಿ ಅವನು ಅರಸನಲ್ಲ, ಮನೆ ಖಾಲಿಯಾದ ಯಜಮಾನ. ಹೊಗಳಲು ಕುಳಿತ ಕವಿಯ ಕೈ ಸೋತವನ ಕಡೆಗೆ ವಾಲಿತು. ಕುಮಾರವ್ಯಾಸ ತನ್ನ ಭಾರತವನ್ನು ಗದಾಪರ್ವಕ್ಕೆ ನಿಲ್ಲಿಸಿದ. ಹೆಂಗಸರು ಅಳುವ ಪರ್ವ ಅವನ ಕಾವ್ಯದಲ್ಲಿ ಇಲ್ಲ. ಮುಂದಿನದನ್ನು ತಿಮ್ಮಣ್ಣ ಕವಿ ಕೃಷ್ಣದೇವರಾಯನ ಕಾಲದಲ್ಲಿ ಪೂರೈಸಿದ, ಆದರೆ ನಮ್ಮ ಜಗಲಿಗಳಲ್ಲಿ ಓದಿಸಿಕೊಂಡದ್ದು ಕುಮಾರವ್ಯಾಸನೇ. ಆ ಬಿಟ್ಟ ಜಾಗವನ್ನು ಕುವೆಂಪು 1931ರ ‘ಸ್ಮಶಾನ ಕುರುಕ್ಷೇತ್ರಂ’ ನಾಟಕದಲ್ಲಿ ಹಿಡಿದರು. ನಮ್ಮ ಪಕ್ಕದ ಚನ್ನರಾಯಪಟ್ಟಣ ತಾಲ್ಲೂಕಿನ ಭೈರಪ್ಪನವರು 1979ರ ‘ಪರ್ವ’ದಲ್ಲಿ ಇನ್ನೂ ಕಠಿಣವಾಗಿ.

ನನಗೆ ಇವೆಲ್ಲಕ್ಕಿಂತ ಹತ್ತಿರದವರು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ. ಶ್ರೀ. ರನ್ನನನ್ನು ನಾಟಕ ಮಾಡಿದರು, 1926. ಗ್ರೀಕರ ಏಜಾಕ್ಸನನ್ನು 1929ರಲ್ಲಿ ನಮ್ಮ ಅಶ್ವತ್ಥಾಮನನ್ನಾಗಿಸಿದರು. 1935ರಲ್ಲಿ ಈಸ್ಕಿಲಸನ ‘ಪಾರಸಿಕರು’ ತಂದರು. ಈಸ್ಕಿಲಸ್ ಸ್ವತಃ ಪರ್ಷಿಯನ್ನರ ವಿರುದ್ಧ ಕತ್ತಿ ಹಿಡಿದವನು. ಸಲಾಮಿಸ್ ಗೆದ್ದ ಎಂಟೇ ವರ್ಷಕ್ಕೆ, ಅಥೆನ್ಸಿನಲ್ಲೇ ಆಡಿಸಿದ ನಾಟಕವನ್ನು ಅವನು ಹಗೆಯ ಅರಮನೆಯಲ್ಲಿ ಇಟ್ಟ. ರಂಗದ ಮೇಲೆ ಒಂದು ಕತ್ತಿಯೂ ಏಳುವುದಿಲ್ಲ. ಸುದ್ದಿಗೆ ಕಾಯುವ ತಾಯಿ, ಸತ್ತವರ ಹೆಸರು ಹೇಳುವ ದೂತ, ಹರಿದ ಬಟ್ಟೆಯಲ್ಲಿ ಮರಳುವ ಮಗ. ದರಿಯಾ ದೌಲತ್‌ನ ಗೋಡೆಯ ಮೇಲೆ ಬೇಯ್ಲಿಯ ತಾಯಿಯನ್ನು ಬರೆದಿದ್ದರೆ ಹೇಗಿರುತ್ತಿತ್ತೋ ಹಾಗೆ.

ಇನ್ನು ‘ಮೈಸೂರು ಮಲ್ಲಿಗೆ’. ಅಚ್ಚಾದದ್ದು 1942. ಸಿಂಗಾಪುರ ಬಿದ್ದಿತ್ತು, ಬರ್ಮಾದಿಂದ ಜನ ನಡೆದುಕೊಂಡು ಬರುತ್ತಿದ್ದರು. ಆ ಹೊತ್ತಿನಲ್ಲಿ ಕಿಕ್ಕೇರಿಯಲ್ಲಿ ಹುಟ್ಟಿದ ಈ ಕವಿ ಬರೆದದ್ದು ಹೆಂಡತಿಯ ಮೇಲೆ, ಮಾವನ ಮನೆಯ ಮೇಲೆ, ತವರಿಗೆ ಹೋಗಿ ಬರುವುದರ ಮೇಲೆ. ಲೋಕ ಉರಿಯುವಾಗ ಇದೆಂಥ ಸರಸ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಬುಕನನ್ ಎಣಿಸಿದ್ದು ಬರಿಯ ಸಂಖ್ಯೆ. ಒಂದು ಮನೆಯೊಳಗೆ ಏನೇನಿರುತ್ತದೆ ಎಂಬುದು ಅವನ ಲೆಕ್ಕದಲ್ಲಿಲ್ಲ. ಅದನ್ನು ಬರೆದವರು ನರಸಿಂಹಸ್ವಾಮಿ. ಯುದ್ಧ ಏನನ್ನು ಕಿತ್ತುಕೊಳ್ಳುತ್ತದೆ ಎಂದು ತಿಳಿಯಲು ಆ ಪುಸ್ತಕವನ್ನು ‘ಪಾರಸಿಕರು’ ಪಕ್ಕದಲ್ಲಿಟ್ಟು ಓದಬೇಕು ಎಂಬುದು ನನ್ನ ವಾದ. ಇದು ಎಳೆದು ತಂದ ಮಾತು ಎನ್ನುವವರು ಇಲ್ಲಿರಬಹುದು. ಅಧ್ಯಕ್ಷರು ಅರ್ಧ ಗಂಟೆ ಪ್ರಶ್ನೆಗೆ ಬಿಟ್ಟಿದ್ದಾರೆ, ದಯವಿಟ್ಟು ಎದ್ದು ಕೇಳಿ.