ಉಪ್ಪಿನ ಋಣ ಯಾರದು?

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು)



ನಾವು ಹಾಸ್ಟೆಲ್ ಸೇರುವಾಗ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು ಮಾರ್ಕ್ಸ್ ಕಾರ್ಡು. ಇನ್ನೊಂದು ನಮ್ಮ ಕಡೆಯ ಮುಖಂಡರೊಬ್ಬರು ಕೊಟ್ಟ ಶಿಫಾರಸು ಪತ್ರ. ಮಾರ್ಕ್ಸ್ ಕಾರ್ಡನ್ನು ಆಮೇಲೆ ಯಾರೂ ನೆನೆಸಲಿಲ್ಲ. ಶಿಫಾರಸು ಪತ್ರವನ್ನು ಮಾತ್ರ ಒಂದೊಂದು ಎಲೆಕ್ಷನ್ನಿನಲ್ಲೂ ನೆನಪಿಸಿದರು. "ಸೀಟು ಕೊಡಿಸಿದ್ದು ಯಾರು? ಉಂಡ ಮನೆಗೆ ಎರಡು ಬಗೀಬ್ಯಾಡ್ರಪ್ಪಾ" ಅಂದರು. ನಾವು ತಲೆ ತಗ್ಗಿಸಿ ಅವರ ಬಾವುಟ ಕಟ್ಟಿದೆವು. ಹಾಸ್ಟೆಲ್ಲಿನ ಅನ್ನ ಸರ್ಕಾರದ್ದು, ಸರ್ಕಾರದ ದುಡ್ಡು ಜನರದ್ದು, ಆ ಜನರಲ್ಲಿ ಬೆಂಕಿಪೊಟ್ಟಣಕ್ಕೂ ತೆರಿಗೆ ಕಟ್ಟುವ ನಮ್ಮ ಅವ್ವನೂ ಒಬ್ಬಳು ಅನ್ನೋದು ಹೊಳೆಯೋಕೆ ನಮಗೆ ಎಷ್ಟೋ ವರ್ಷ ಬೇಕಾಯಿತು.

ಈ ಉಪ್ಪಿನ ಋಣದ ಮಾತನ್ನೇ ಇವತ್ತು ಅಮೆರಿಕದ ಒಂದು ಸಂಗತಿ ಇಟ್ಟುಕೊಂಡು ಆಡಬೇಕೆಂದಿದ್ದೇವೆ. ಅಮೆರಿಕ ನಮಗ್ಯಾಕೆ ಅನ್ನಬೇಡಿ. ಬಾಬಾಸಾಹೇಬರು 1913ರಲ್ಲಿ ಓದಲು ಹೋದದ್ದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ. 1946ರಲ್ಲಿ ಅವರು ಕಪ್ಪು ಜನರ ಚಿಂತಕ ಡು ಬಾಯ್ಸ್ ಅವರಿಗೆ ಕಾಗದ ಬರೆದು, ಅಲ್ಲಿನ ಕರಿಯರ ಪಾಡಿಗೂ ಇಲ್ಲಿನ ಅಸ್ಪೃಶ್ಯರ ಪಾಡಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ಬ್ಲ್ಯಾಕ್ ಪ್ಯಾಂಥರರ ಹೆಸರನ್ನೇ ಎತ್ತಿಕೊಂಡು ದಲಿತ ಪ್ಯಾಂಥರ್ಸ್ ಕಟ್ಟಿದರು. ಅವರ ಕೇರಿಗೂ ನಮ್ಮ ಕೇರಿಗೂ ದಾರಿ ಹಳೆಯದು.

ನಮ್ಮಲ್ಲಿ ಪಾರ್ಟಿ ಟಿಕೆಟ್ ಹೇಗೆ ಕೊಡ್ತಾರೆ ನಿಮಗೆ ಗೊತ್ತು. ನಾಲ್ಕು ಜನ ಬಾಗಿಲು ಹಾಕಿಕೊಂಡು ಕೂರುತ್ತಾರೆ, ಬೆಳಗಾದರೆ ಪಟ್ಟಿ ಹೊರಗೆ ಬರುತ್ತೆ. ಅಮೆರಿಕದಲ್ಲಿ ಹಾಗಲ್ಲ. ಅಧ್ಯಕ್ಷ ಪದವಿಗೆ ಪಕ್ಷದ ಹುರಿಯಾಳು ಯಾರು ಅಂತ ಆರಿಸೋಕೇ ಚುನಾವಣೆ ನಡೆಯುತ್ತೆ. ಅದಕ್ಕೆ ಪ್ರೈಮರಿ ಅನ್ನುತ್ತಾರೆ. ಒಂದೊಂದು ರಾಜ್ಯದಲ್ಲೂ ಜನ ಓಟು ಹಾಕುತ್ತಾರೆ. ಆ ಓಟಿನ ಲೆಕ್ಕದ ಮೇಲೆ ಪ್ರತಿನಿಧಿಗಳ ಹಂಚಿಕೆಯಾಗುತ್ತೆ. ಆ ಪ್ರತಿನಿಧಿಗಳು ಪಕ್ಷದ ಮಹಾಧಿವೇಶನದಲ್ಲಿ ಸೇರಿ ಹುರಿಯಾಳನ್ನು ಗೊತ್ತು ಮಾಡುತ್ತಾರೆ. ಕೇಳೋಕೆ ಚೆಂದ. ಆದರೆ ಬಾಗಿಲು ಹಾಕಿಕೊಂಡು ಕೂರುವ ನಾಲ್ಕು ಜನ ಅಲ್ಲೂ ಇದ್ದೇ ಇದ್ದರು.

1964ರಲ್ಲಿ ಮಿಸಿಸಿಪ್ಪಿ ರಾಜ್ಯದ ಡೆಮಾಕ್ರಟಿಕ್ ಪಕ್ಷದ ನಿಯೋಗವೆಂದರೆ ಬರೀ ಬಿಳಿಯರು. ಕಪ್ಪು ಜನ ಓಟಿನ ಪಟ್ಟಿಯ ಹತ್ತಿರ ಸುಳಿದರೂ ಹೊಡೆತ. ಅವರು ತಮ್ಮದೇ ಫ್ರೀಡಂ ಡೆಮಾಕ್ರಟಿಕ್ ಪಾರ್ಟಿ ಕಟ್ಟಿಕೊಂಡು, ನಾವೂ ಈ ಪಕ್ಷದವರೇ, ನಮಗೂ ಜಾಗ ಕೊಡಿ ಎಂದು ಅಟ್ಲಾಂಟಿಕ್ ಸಿಟಿಯ ಅಧಿವೇಶನಕ್ಕೆ ಬಂದರು. ಅವರಲ್ಲಿ ಒಬ್ಬಳು ಫ್ಯಾನಿ ಲೂ ಹೇಮರ್. ಇಪ್ಪತ್ತು ಮಕ್ಕಳ ಮನೆಯಲ್ಲಿ ಕಡೆಯವಳು. ಹತ್ತಿ ಬಿಡಿಸಿ ಬೆಳೆದವಳು. ಓಟಿಗೆ ಹೆಸರು ಬರೆಸಲು ಹೋದದ್ದಕ್ಕೆ ದುಡಿಯುತ್ತಿದ್ದ ಜಮೀನಿನಿಂದಲೇ ಹೊರಬಿದ್ದವಳು. ಜೈಲಿನಲ್ಲಿ ತಿಂದ ಏಟುಗಳನ್ನು ಆಕೆ ಟೀವಿ ಕ್ಯಾಮೆರಾಗಳ ಮುಂದೆ ಹೇಳತೊಡಗಿದಾಗ ಅಧ್ಯಕ್ಷ ಜಾನ್ಸನ್ ಅವಸರದಲ್ಲಿ ಪತ್ರಕರ್ತರನ್ನು ಕರೆದು ಕ್ಯಾಮೆರಾಗಳನ್ನು ತನ್ನ ಕಡೆ ಎಳೆದುಕೊಂಡ. ಕೊನೆಗೆ ಪಕ್ಷದ ಹಿರಿಯರು ಎರಡು ಕುರ್ಚಿ ಕೊಡ್ತೀವಿ ಅಂದರು. ಹೇಮರ್ ಮತ್ತು ಸಂಗಡಿಗರು ಬೇಡ ಅಂದರು. ಪಂಕ್ತಿಯ ಊಟ ಕೇಳಿದವರಿಗೆ ಎಂಜಲೆಲೆ ತೋರಿಸಿದರೆ ಬೇಡ ಅನ್ನೋ ಶಕ್ತಿ ಬೇಕು ಗೆಳೆಯರೇ. ಆ ಶಕ್ತಿ ಆ ಹೆಣ್ಣುಮಗಳಿಗಿತ್ತು.

1968ರಲ್ಲಿ ಹಂಫ್ರಿ ಎಂಬಾತ ಒಂದೂ ಪ್ರೈಮರಿಗೆ ನಿಲ್ಲದೆಯೇ, ಬರೀ ಪಕ್ಷದ ಮುಖಂಡರ ಬಲದಿಂದ ಹುರಿಯಾಳಾದ. ಅಧಿವೇಶನ ನಡೆದ ಶಿಕಾಗೋದ ಬೀದಿಯಲ್ಲಿ ವಿಯೆಟ್ನಾಂ ಯುದ್ಧ ಬೇಡವೆಂದ ಹುಡುಗರ ತಲೆ ಒಡೆಯಿತು. ಆ ಗಲಾಟೆಯ ಫಲವಾಗಿ ನಿಯಮ ಬದಲಾಗಿ, ಜನರ ಓಟಿಗೆ ಬೆಲೆ ಬಂತು. ಆದರೆ ಪಕ್ಷ 1972ರಲ್ಲಿ ಸೋತಿತು, 1980ರಲ್ಲಿ ಮತ್ತೆ ಸೋತಿತು. ಕೂಡಲೇ ದೊಡ್ಡವರಿಗೆ, ಜನರ ಕೈಗೆ ಪೂರ್ತಿ ಬಿಟ್ಟರೆ ಕೆಡುತ್ತೆ ಅನ್ನಿಸಿತು. 1982ರಲ್ಲಿ ಹೊಸದೊಂದು ಜಾತಿಯನ್ನೇ ಹುಟ್ಟಿಸಿದರು: ಸೂಪರ್ ಡೆಲಿಗೇಟ್. ಸಂಸದರು, ಗವರ್ನರುಗಳು, ಪಕ್ಷದ ರಾಷ್ಟ್ರೀಯ ಸಮಿತಿಯವರು. ಅವರ ರಾಜ್ಯದ ಜನ ಯಾರಿಗೆ ಓಟು ಹಾಕಿದ್ದರೂ ಇವರು ತಮಗಿಷ್ಟ ಬಂದವರಿಗೆ ಹಾಕಬಹುದು. 1984ರಲ್ಲಿ ಮಾಂಡೇಲ್ ಗೆರೆ ದಾಟಲು ಇವರ ಮತ ಒದಗಿತು. ಆಮೇಲೆ ಏನಾಯಿತು? ಆತ 50ರಲ್ಲಿ 49 ರಾಜ್ಯಗಳಲ್ಲಿ ಸೋತ. ದೊಡ್ಡವರ ಬುದ್ಧಿಗೂ ಗೆಲುವಿನ ಗ್ಯಾರಂಟಿ ಇಲ್ಲ ಅಂತ ಅಲ್ಲಿಗೆ ಗೊತ್ತಾಯಿತು.

ಈಗ 2008ಕ್ಕೆ ಬರೋಣ. ಒಂದು ಕಡೆ ಹಿಲರಿ ಕ್ಲಿಂಟನ್, ಇನ್ನೊಂದು ಕಡೆ ಬರಾಕ್ ಒಬಾಮ. ಸೂಪರ್ ಡೆಲಿಗೇಟುಗಳು 800ಕ್ಕೂ ಹೆಚ್ಚು, ಅಂದರೆ ಅಧಿವೇಶನದ ಸುಮಾರು ಐದರಲ್ಲಿ ಒಂದು ಪಾಲು. ಜನ ಓಟು ಹಾಕೋ ಮೊದಲೇ ಇವರಲ್ಲಿ ಬಹಳ ಜನ ಹಿಲರಿಗೆ ಮಾತು ಕೊಟ್ಟಾಗಿತ್ತು. ಅವರಲ್ಲಿ ಕಪ್ಪು ಮುಖಂಡರೂ ಇದ್ದರು. ಬಿಲ್ ಕ್ಲಿಂಟನ್ ಎಂಟು ವರ್ಷ ಆಳಿದವನು. ಸಹಾಯ ಮಾಡಿದ್ದ, ಹುದ್ದೆ ಕೊಟ್ಟಿದ್ದ, ಹೆಗಲ ಮೇಲೆ ಕೈ ಹಾಕಿದ್ದ. ಉಪ್ಪಿನ ಋಣ!

ಹಾಗೆ ಮಾತು ಕೊಟ್ಟವರಲ್ಲಿ ಒಬ್ಬರು ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಸಂಸದ ಜಾನ್ ಲೂಯಿಸ್. ಗೇಣಿ ಒಕ್ಕಲಿನ ಮಗ. 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಮಾತಾಡಿದವರಲ್ಲೇ ಚಿಕ್ಕವರು, ಆಗ 23 ವರ್ಷ, ನಿಮಗಿಂತ ಹೆಚ್ಚೇನಿಲ್ಲ. 1965ರ ಮಾರ್ಚ್ 7ರಂದು ಓಟಿನ ಹಕ್ಕಿಗಾಗಿ ಸೆಲ್ಮಾದ ಸೇತುವೆ ದಾಟುವಾಗ ಪೋಲೀಸರ ಲಾಠಿಗೆ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಇಂಥವರು 2007ರ ಅಕ್ಟೋಬರಿನಲ್ಲಿ ಹಿಲರಿಗೆ ಬೆಂಬಲ ಸಾರಿದರು. 2008ರ ಫೆಬ್ರವರಿ 5ರಂದು ಜಾರ್ಜಿಯಾದ ಜನ ಓಟು ಹಾಕಿದರು. ಲೂಯಿಸರ ಕ್ಷೇತ್ರದಲ್ಲಿ ಮುಕ್ಕಾಲು ಪಾಲಿನಷ್ಟು ಓಟು ಒಬಾಮಗೆ ಬಿತ್ತು.

ಜನ ಬಿಡಲಿಲ್ಲ. ದೇಶದ ಉದ್ದಗಲಕ್ಕೂ ಸೂಪರ್ ಡೆಲಿಗೇಟುಗಳಿಗೆ ಕಾಗದ ಹೋದವು, ಫೋನುಗಳು ಹೋದವು. ನಾವು ಒಂದು ಹೇಳಿದರೆ ನೀವೊಂದು ಹೇಳೋಕೆ ನೀವ್ಯಾರು ಅಂತ ಕೇಳಿದರು. ಫೆಬ್ರವರಿ 27ರಂದು ಲೂಯಿಸ್ ತಮ್ಮ ಬೆಂಬಲವನ್ನು ಒಬಾಮ ಕಡೆಗೆ ಬದಲಾಯಿಸಿದರು. ಲಾಠಿಗೆ ಬಗ್ಗದ ಮನುಷ್ಯ ತನ್ನ ಜನರ ಓಟಿಗೆ ಬಾಗಿದರು. ಆ ವರ್ಷ ಸಂಸತ್ತಿನ ಸೀಟಿಗೆ ಸ್ವಂತ ಪಕ್ಷದೊಳಗೇ ಅವರಿಗೆ ಎದುರಾಳಿಗಳು ಹುಟ್ಟಿದ್ದರು. ಸೀಟು ಹೋಗುತ್ತೆ ಅಂತ ಹೆದರಿ ಬದಲಾದರು ಎಂದು ಕುಹಕ ಆಡಿದವರಿಗೆ ನಮ್ಮ ಉತ್ತರ ಇಷ್ಟೆ: ಹೆದರಿದ್ದರೆ ಹೆದರಲಿ ಬಿಡಿ. ಪ್ರತಿನಿಧಿಯಾದವನು ಗೌಡನಿಗೆ ಹೆದರಬಾರದು, ಹೈಕಮಾಂಡಿಗೆ ಹೆದರಬಾರದು. ಜನಕ್ಕೆ ಹೆದರೋದು ತಪ್ಪೇ?

ಮೇ ತಿಂಗಳ ಹೊತ್ತಿಗೆ ಸೂಪರ್ ಡೆಲಿಗೇಟುಗಳ ಲೆಕ್ಕದಲ್ಲೂ ಒಬಾಮ ಮುಂದಾದರು. ಜೂನ್ 3ಕ್ಕೆ ಗೆಲುವಿನ ಗೆರೆ ದಾಟಿದರು.

ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟಿದರೆ ನಾವು ಅರ್ಧ ಸತ್ಯ ಹೇಳಿದಂತೆ. ಒಬಾಮ ಕಪ್ಪು ಮನುಷ್ಯ, ಆದ್ದರಿಂದ ಕಪ್ಪು ಮುಖಂಡರೆಲ್ಲ ಅವರ ಕಡೆಗೇ ಬರಬೇಕು ಅನ್ನೋದು ನಮ್ಮ ವಾದವಲ್ಲ. ಮಿಸೌರಿಯ ಇಮ್ಯಾನುಯಲ್ ಕ್ಲೀವರ್, ಓಹಿಯೋದ ಸ್ಟೆಫನಿ ಟಬ್ಸ್ ಜೋನ್ಸ್ ಎಂಬ ಕಪ್ಪು ಸಂಸದರು ಕೊನೆವರೆಗೂ ಹಿಲರಿ ಜೊತೆ ನಿಂತರು. ಅವರಿಗೆ ಕುಲದ್ರೋಹಿ ಅಂತ ಹಣೆಪಟ್ಟಿ ಹಚ್ಚಿದರೆ ಅದು ಬಣ್ಣದ ಹೆಸರಿನ ದಬ್ಬಾಳಿಕೆ. ಅವರನ್ನು ಕೇಳಬೇಕಾದ ಪ್ರಶ್ನೆ ನಿಮ್ಮ ಬಣ್ಣ ಯಾವುದು ಅಂತಲ್ಲ, ನಿಮ್ಮ ಜನ ಏನು ಹೇಳಿದರು ಅಂತ.

ಮತ್ತೆ ಆ ಪ್ರಶ್ನೆ ಎಲ್ಲರಿಗೂ ಒಂದೇ ಇರಬೇಕು. ಮ್ಯಾಸಚೂಸೆಟ್ಸ್ ರಾಜ್ಯದ ಜನ ಅದೇ ಫೆಬ್ರವರಿ 5ರಂದು ಹಿಲರಿಯನ್ನು ಗೆಲ್ಲಿಸಿದರು. ಅಲ್ಲಿನ ಸೆನೆಟರುಗಳಾದ ಟೆಡ್ ಕೆನಡಿ, ಜಾನ್ ಕೆರಿ ಇಬ್ಬರೂ ಒಬಾಮ ಕಡೆ ಇದ್ದರು. ಲೂಯಿಸರನ್ನು ಬದಲಾಗಿ ಅಂದ ಬಾಯಿ ಕೆನಡಿಯನ್ನೂ ಬದಲಾಗಿ ಅನ್ನಬೇಕಾಗಿತ್ತು. ಅನ್ನಲಿಲ್ಲ. 2016ರಲ್ಲೂ ಹೀಗೇ ಆಯಿತು. ಬರ್ನಿ ಸ್ಯಾಂಡರ್ಸ್ ಕಡೆಯವರು, ನಾವು ಗೆದ್ದ ರಾಜ್ಯಗಳ ಸೂಪರ್ ಡೆಲಿಗೇಟುಗಳು ಜನರ ತೀರ್ಪಿನಂತೆ ನಡೆಯಲಿ ಅಂತ ಕೇಳಿದರು. ಅದು ನ್ಯಾಯ. ಆದರೆ ಒಟ್ಟು ಓಟಿನಲ್ಲಿ ಹಿಂದೆ ಬಿದ್ದಮೇಲೆ, ಟ್ರಂಪ್ ವಿರುದ್ಧ ಗೆಲ್ಲುವ ಶಕ್ತಿ ನಮಗೇ ಹೆಚ್ಚು, ಆದ್ದರಿಂದ ಎಲ್ಲರೂ ಈ ಕಡೆ ಬನ್ನಿ ಎಂದೂ ವಾದ ಹೂಡಿದರು. ಕೊಳ್ಳೋಕೊಂದು ತಕ್ಕಡಿ, ಮಾರೋಕೊಂದು ತಕ್ಕಡಿ ಇಟ್ಟುಕೊಳ್ಳೋದು ಶೆಟ್ಟರ ಅಂಗಡಿಯ ರೀತಿ. ಚಳವಳಿಯ ರೀತಿ ಅಲ್ಲ.

ನಿಮ್ಮಲ್ಲಿ ಯಾರೋ ಕೇಳಬಹುದು: "ಅಲ್ಲಣ್ಣಾ, ನಮ್ಮ ಎಂಎಲ್ಎಗಳೂ ರಾತ್ರೋರಾತ್ರಿ ಕಡೆ ಬದಲಾಯಿಸ್ತಾರಲ್ಲ, ಅದೂ ಇದೇ ತಾನೆ?" ಇಲ್ಲ ಕಣ್ರಪ್ಪಾ. 2019ರಲ್ಲಿ ಕರ್ನಾಟಕದಲ್ಲಿ 17 ಶಾಸಕರನ್ನು ಸ್ಪೀಕರ್ ಅನರ್ಹಗೊಳಿಸಿದರು, ಒಂದು ಸರ್ಕಾರವೇ ಬಿತ್ತು. ಯಾವ ಗುರುತು ತೋರಿಸಿ ಜನರ ಓಟು ಕೇಳಿದ್ದರೋ ಆ ಗುರುತಿನಿಂದ ದೂರ ಸರಿದದ್ದು ಅದು. ಜನರ ಓಟಿನ ಕಡೆಗೆ ಸರಿದದ್ದು ಲೂಯಿಸರದು. ಎರಡೂ ನಡಿಗೆಯೇ. ಒಂದು ಮನೆ ಬಿಟ್ಟು ಹೋಗೋದು, ಇನ್ನೊಂದು ಮನೆಗೆ ಬರೋದು.

ನಮಗೆ ಈ ಪ್ರೈಮರಿ ಅನ್ನೋ ಮಾತು ಹೊಸದೂ ಅಲ್ಲ. 1932ರ ಸೆಪ್ಟೆಂಬರ್ 24ರ ಪೂನಾ ಒಪ್ಪಂದದಲ್ಲೇ ಒಂದು ಪ್ರೈಮರಿ ಇತ್ತು. 148 ಮೀಸಲು ಸ್ಥಾನ. ಒಂದೊಂದಕ್ಕೂ ಮೊದಲು ನಮ್ಮ ಜನ ಮಾತ್ರ ಓಟು ಹಾಕಿ ನಾಲ್ವರನ್ನು ಆರಿಸಬೇಕು. ಆಮೇಲೆ ಸವರ್ಣರೂ ಸೇರಿ ಎಲ್ಲರೂ ಓಟು ಹಾಕಿ ಆ ನಾಲ್ವರಲ್ಲಿ ಒಬ್ಬನನ್ನು ಗೆಲ್ಲಿಸಬೇಕು. ಇದರ ಅರ್ಥ ಏನು? ನಮ್ಮವರು ಮೊದಲನೆಯವನಾಗಿ ಆರಿಸಿದವನು ಮನೆಗೆ, ನಾಲ್ಕನೆಯವನು ಸದನಕ್ಕೆ! ಆ ನಾಲ್ಕನೆಯವನು ಯಾರ ಋಣ ತೀರಿಸಬೇಕು ಹೇಳಿ? ಆ ವ್ಯವಸ್ಥೆಗೂ ಹತ್ತೇ ವರ್ಷದ ಆಯಸ್ಸು ಅಂತ ಬರೆದಿದ್ದರು. ಆಮೇಲೆ ನಮ್ಮ ಪಾಲಿನ ಆ ಮೊದಲ ಓಟೂ ಹೋಯಿತು. ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ಬಾಬಾಸಾಹೇಬರೇ ಮುಂಬಯಿಯಲ್ಲಿ ಸೋತರು. ಕೊನೆಯ ಮಾತು ಯಾರ ಕೈಲಿದೆ ಅನ್ನೋದು ಬರೀ ನಿಯಮದ ಪ್ರಶ್ನೆಯಲ್ಲ, ನಮ್ಮವನು ಯಾರಿಗೆ ತಲೆ ಬಾಗುತ್ತಾನೆ ಅನ್ನೋ ಪ್ರಶ್ನೆ.

ಅಮೆರಿಕದಲ್ಲಿ ಜನರ ಒತ್ತಾಯಕ್ಕೆ ಕಡೆಗೂ ನಿಯಮ ಬಾಗಿತು. 2018ರ ಆಗಸ್ಟಿನಲ್ಲಿ ಡೆಮಾಕ್ರಟಿಕ್ ಪಕ್ಷ, ಪೈಪೋಟಿಯಿದ್ದಲ್ಲಿ ಮೊದಲ ಸುತ್ತಿನ ಮತದಾನದಲ್ಲಿ ಸೂಪರ್ ಡೆಲಿಗೇಟುಗಳು ಓಟು ಹಾಕುವಂತಿಲ್ಲ ಎಂದು ತೀರ್ಮಾನಿಸಿತು. ಹೇಮರ್ ಎರಡು ಕುರ್ಚಿ ಬೇಡ ಎಂದು 54 ವರ್ಷವಾಗಿತ್ತು. ಇದನ್ನು ಯಾರೂ ದಾನ ಕೊಡಲಿಲ್ಲ. ಮೂರು ತಲೆಮಾರು ಬಾಗಿಲು ಬಡಿದದ್ದರಿಂದ ಬಂತು.

ಹಾಗಾದರೆ ನಾವೇನು ಮಾಡಬೇಕು? ನಮ್ಮ ಮುಖಂಡರು ಪಾರ್ಟಿಗಳ ಒಳಗೆ ಇದ್ದಾರೆ. ಇರಲಿ, ಒಳಗೂ ಜನ ಬೇಕು. ಆದರೆ ನಮ್ಮ ಕೇರಿ ಒಂದು ಹೇಳಿ ಅವರು ಇನ್ನೊಂದು ಮಾಡಿದಾಗ ಬೈದು ಸುಮ್ಮನಾಗಬೇಡಿ. ಬೈಗುಳಕ್ಕೆ ಉತ್ತರ ಕೊಡಬೇಕಾಗಿಲ್ಲ, ಪ್ರಶ್ನೆಗೆ ಕೊಡಬೇಕಾಗುತ್ತೆ. ಹತ್ತು ಜನ ಸಹಿ ಮಾಡಿದ ಕಾಗದ ಬರೆಯಿರಿ. ಊರಿಗೆ ಬಂದಾಗ ಎದ್ದು ನಿಂತು ಕೇಳಿ. "ಅಣ್ಣಾ, ನಿನ್ನ ಮಾತು ಬದಲಾಯಿಸು, ಮರ್ಯಾದೆ ಹೋಗಲ್ಲ, ಬರುತ್ತೆ" ಅನ್ನಿ. ಬದಲಾಗಿ ಬಂದವನನ್ನು ಹಂಗಿಸಬೇಡಿ, ಕೂರಲು ಜಾಗ ಕೊಡಿ. ಇಲ್ಲದಿದ್ದರೆ ನಾಳೆ ಯಾರೂ ಬದಲಾಗೋದಿಲ್ಲ.

ಜಾನ್ ಲೂಯಿಸ್ 2020ರ ಜುಲೈ 17ರಂದು ತೀರಿಕೊಂಡರು, ಕಡೇವರೆಗೂ ಅದೇ ಅಟ್ಲಾಂಟಾದ ಸಂಸದರಾಗಿ. ಬೆಂಬಲ ಬದಲಾಯಿಸಿದ್ದಕ್ಕೆ ಅವರ ಜನ ಅವರನ್ನು ಕೈಬಿಡಲಿಲ್ಲ.

ಗೆಳೆಯರೇ, ನಾಳೆ ನಿಮ್ಮಲ್ಲೂ ಒಬ್ಬರು ಪಂಚಾಯ್ತಿ ಮೆಂಬರಾಗ್ತೀರಿ, ಒಬ್ಬರು ಆಫೀಸರಾಗ್ತೀರಿ, ಒಬ್ಬರು ಸದನಕ್ಕೂ ಹೋಗ್ತೀರಿ. ಆವತ್ತು ಯಾರೋ ಬಂದು ಹಳೇ ಶಿಫಾರಸು ಪತ್ರ ತೋರಿಸಿ ಉಂಡ ಮನೆಯ ಮಾತು ಎತ್ತುತ್ತಾರೆ. ಆಗ ಕೈ ಮುಗಿದು ಹೇಳಿ: ಹೌದು ಸ್ವಾಮಿ, ಉಂಡ ಮನೆಗೆ ನಾವು ಎರಡು ಬಗೆಯೋದಿಲ್ಲ. ನಾವು ಉಂಡ ಮನೆ ನಿಮ್ಮದಲ್ಲ, ನಮ್ಮ ಕೇರಿಯದು.

ಜೈ ಭೀಮ್.