ಹಾಡು ಬಾರದವರ ಜೊತೆ ಹಾಡಲು ಬನ್ನಿ

‘ನಿನಗೆ ಕಂಠವಿಲ್ಲ, ಸುಮ್ಮನೆ ನಿಲ್ಲು.’ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಈ ಮಾತು ಕೇಳಿ ಬಾಯಿ ಮುಚ್ಚಿದವರು ನಮ್ಮ ನಡುವೆ ಎಷ್ಟೋ ಮಂದಿ. ಗಾಲಿಕುರ್ಚಿಯ ಮಗುವಿಗೆ, ಮಾತು ತಡವರಿಸುವ ಹುಡುಗನಿಗೆ, ಮರೆವು ಕವಿದ ಅಜ್ಜಿಗೆ ಆ ಸಾಲಿನಲ್ಲಿ ನಿಲ್ಲುವ ಕರೆಯೂ ಬರುವುದಿಲ್ಲ. ಸಂಗೀತ ಕಲಿತ, ಕಲಿಯುತ್ತಿರುವ ಗೆಳೆಯರೇ, ಇವರೆಲ್ಲರ ಜೊತೆ ಕೂತು ಹಾಡುವುದನ್ನೇ ನಿಮ್ಮ ವೃತ್ತಿ ಮಾಡಿಕೊಳ್ಳಿ.

ಎಲ್ಲರೂ ಕೂಡಿ ಹಾಡುವುದು ನಮಗೆ ಹೊಸತೇನಲ್ಲ. ಬೀಸುವ ಕಲ್ಲಿನ ಮುಂದೆ, ಸೋಬಾನೆಯ ಚಪ್ಪರದಡಿ ಹಾಡಿದವರ ಕಂಠವನ್ನು ಯಾರೂ ಪರೀಕ್ಷೆ ಮಾಡಲಿಲ್ಲ. ಆದರೆ ಯಾರು ಯಾವ ಅಂಗಳದಲ್ಲಿ ಹಾಡಬಹುದು, ಯಾವ ವಾದ್ಯ ಯಾರ ಕೈಗೆ ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಆದ್ದರಿಂದ ಹಳೆಯದನ್ನು ಹಾಗೆಯೇ ಮರಳಿ ತಂದರೆ ಸಾಲದು.

ಗದುಗಿನ ಕಡೆ ನೋಡಿ. ಸಂಗೀತ ಗುರು ಪಂಚಾಕ್ಷರಿ ಗವಾಯಿಗಳು ಅಂಧರಾಗಿದ್ದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧರೇ. ಅವರಿಬ್ಬರ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ, ಬಡತನದ ಮಕ್ಕಳಿಗೆ ಅನ್ನ, ಆಸರೆಯ ಜೊತೆಗೆ ಸಂಗೀತವೂ ಸಿಕ್ಕಿತು. ಅಲ್ಲಿ ಕಲಿತವರು ಗಾಯಕರಾದರು, ವಾದಕರಾದರು, ಮೇಷ್ಟರಾದರು. ಬರೀ ಕನಿಕರದಿಂದ ಈ ಕೆಲಸ ಆಗುತ್ತಿರಲಿಲ್ಲ. ಆ ಮಕ್ಕಳು ಕಲಾವಿದರಾಗಬಲ್ಲರು ಎಂದು ಗುರು ಗಟ್ಟಿಯಾಗಿ ನಂಬಿದ್ದರು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು.

ವೈದ್ಯಲೋಕವೂ ಈಗ ಇತ್ತ ತಿರುಗಿದೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಕೆಲವರು ಒಂದು ವಾಕ್ಯ ಹೇಳಲಾರದಿದ್ದರೂ ಚಿಕ್ಕಂದಿನ ಹಾಡನ್ನು ಪದಸಮೇತ ಹಾಡಬಲ್ಲರು. ಇಂಗ್ಲೆಂಡಿನ ಆಲ್ಝೈಮರ್ಸ್ ಸೊಸೈಟಿ ಮರೆವಿನ ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವ ಮನೆಯವರಿಗೂ ಒಟ್ಟಿಗೆ ಹಾಡುವ ಕೂಟಗಳನ್ನು ನಡೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ವಿಭಾಗ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ, ಕಲೆಗೂ ಆರೋಗ್ಯಕ್ಕೂ ಇರುವ ನಂಟನ್ನು ವರದಿ ಮಾಡಿತು. ಹಾಗೆಂದು ರೋಗ ವಾಸಿ ಮಾಡುತ್ತೇವೆಂದು ಎಲ್ಲೂ ಹೇಳಬೇಡಿ. ಸಂಗೀತ ಚಿಕಿತ್ಸೆಗೆ ಬೇರೆ ತರಬೇತಿ ಬೇಕು. ನಿಮ್ಮದು ಜನರ ಜೊತೆ ಸೇರಿ ಸಂಗೀತ ಕಟ್ಟುವ ಕೆಲಸ.

ಈ ಕೆಲಸದ ಕಸುಬು ಸೂಕ್ಷ್ಮ. ಬೆರಳು ಮಡಚಲಾಗದವರ ಕೈಗೆ ಗೆಜ್ಜೆಯನ್ನು ಮೆತ್ತನೆಯ ಪಟ್ಟಿಯಿಂದ ಕಟ್ಟಬೇಕು. ಕಿವಿ ಕೇಳದ ಮಗುವಿನ ಅಂಗೈಯನ್ನು ಡೊಳ್ಳಿನ ಮೈಮೇಲಿಟ್ಟರೆ ತಾಳ ಚರ್ಮದ ಮೂಲಕ ಒಳಗಿಳಿಯುತ್ತದೆ. ಆಟಿಸಂ ಇರುವ ಕೆಲವು ಮಕ್ಕಳಿಗೆ ಅದೇ ಡೊಳ್ಳು ತಡೆಯಲಾಗದ ಸದ್ದು; ಅವರು ಎದ್ದು ಹೋಗಲು, ಮನಸ್ಸಾದಾಗ ಮರಳಲು ಬಾಗಿಲು ತೆರೆದಿರಲಿ. ಒಂದೇ ಸ್ವರ ಹಿಡಿಯಬಲ್ಲವರಿಗೆ ಶ್ರುತಿ ಹಿಡಿಯುವ ಹೊಣೆ ಕೊಡಿ, ಅವರಿಲ್ಲದೆ ಹಾಡು ನಿಲ್ಲದಂತೆ ಹೆಣೆಯಿರಿ. ಒಬ್ಬರ ಉತ್ತರಕ್ಕೆ ಎರಡು ಆವರ್ತನ ಕಾಯಬೇಕಾದರೆ ಕಾಯಿರಿ. ಕಛೇರಿಯಲ್ಲಿ ಕಲಿಯದ ಈ ತಾಳ್ಮೆಯೇ ಇಲ್ಲಿನ ವಿದ್ವತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು: ಜೊತೆಗೆ ಹಾಡಿದವರ ಒಪ್ಪಿಗೆಯಿಲ್ಲದೆ ಅವರ ವಿಡಿಯೊ ಹಾಕಬೇಡಿ.

ಸಂಬಳದ ಮಾತನ್ನು ಮುಚ್ಚಿಡುವುದಿಲ್ಲ. ಈ ಹುದ್ದೆಗೆ ನಮ್ಮಲ್ಲಿ ಸಿದ್ಧ ಅರ್ಜಿ ನಮೂನೆಯಿಲ್ಲ. ವಿಶೇಷ ಶಾಲೆ, ವೃದ್ಧಾಶ್ರಮ, ಪುನರ್ವಸತಿ ಕೇಂದ್ರ, ಹಗಲು ಆರೈಕೆ ಕೇಂದ್ರ, ಹೀಗೆ ನಾಲ್ಕಾರು ಕಡೆಯ ಕೆಲಸ ಜೋಡಿಸಿಕೊಂಡು ಆರಂಭಿಸಬೇಕಾದೀತು. ಸಂಗೀತ ಪದವಿಯ ಜೊತೆಗೆ ವಿಶೇಷ ಶಿಕ್ಷಣದ ತರಬೇತಿಯಿದ್ದರೆ ದಾರಿ ಸಲೀಸು. ಪುಕ್ಕಟೆ ಸೇವೆಯೆಂದು ಯಾರಾದರೂ ಜಾರಿಕೊಂಡರೆ ಸಂಕೋಚವಿಲ್ಲದೆ ಸಂಭಾವನೆ ಕೇಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಾಂಸ್ಕೃತಿಕ ಬದುಕನ್ನೂ ಹಕ್ಕೆಂದೇ ಕಂಡಿದೆ. ಅದನ್ನು ಕಾಗದದಿಂದ ಬದುಕಿಗೆ ಇಳಿಸಲು ಕಲಿತ ಕೈಗಳು ಬೇಕು, ಆ ಕೈಗಳಿಗೆ ಕೂಲಿಯೂ ಬೇಕು.

ನಿಮ್ಮೂರಿನ ವಿಶೇಷ ಶಾಲೆಯನ್ನೋ ವೃದ್ಧಾಶ್ರಮವನ್ನೋ ಈ ವಾರವೇ ಹುಡುಕಿ ಹೋಗಿ. ಮೊದಲ ದಿನ ನಿಮ್ಮ ಹಾಡು ಹಾಡಬೇಡಿ. ಅವರಿಗೆ ಯಾವ ಹಾಡು ಬೇಕೆಂದು ಕೇಳಿ.